ಗಂಡಸರು ಇನ್ನೂ ಆಫೀಸಿಗೆ ಟೈ ಕಟ್ಟಿಕೊಂಡು ಹೋಗಬೇಕಾ?

ಹಸಿರು ಲೈನ್ ಪಯಣಿಗ | ಸೋಮವಾರ, ರಾತ್ರಿ 9:40

ವಿಷಯ ಸಣ್ಣದು, ಆದರೆ ಬೆಳಗ್ಗೆಯಿಂದ ತಲೆ ಕೊರೆಯುತ್ತಿದೆ.

ನಾನು ಒಂದು ಖಾಸಗಿ ಸಾಲದ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಹೆಸರು ಬೇಡ ಬಿಡಿ. ಇಲ್ಲಿವರೆಗೆ ಇಸ್ತ್ರಿ ಮಾಡಿದ ಫುಲ್ ತೋಳಿನ ಶರ್ಟು, ಪ್ಯಾಂಟು, ಶೂ ಇದ್ದರೆ ಸಾಕಿತ್ತು. ಕಳೆದ ವಾರ ಹೊಸ ಬ್ರಾಂಚ್ ಹೆಡ್ ಬಂದರು. ಇವತ್ತು ಮೇಲ್ ಬಂತು. ಬರುವ ತಿಂಗಳು ಒಂದನೇ ತಾರೀಖಿನಿಂದ ಗಂಡಸರೆಲ್ಲ ಸೋಮವಾರದಿಂದ ಶುಕ್ರವಾರದವರೆಗೆ ಟೈ ಕಟ್ಟಿಕೊಂಡೇ ಬರಬೇಕಂತೆ. ಕಾರಣ, ಗ್ರಾಹಕರ ವಿಶ್ವಾಸ ಜಾಸ್ತಿಯಾಗುತ್ತದಂತೆ.

ನನ್ನ ಮುಂದೆ ಬಂದು ಕೂರುವ ಗ್ರಾಹಕರು ಯಾರು ಗೊತ್ತಾ? ಆಟೋದವರು, ಹೂವಿನ ವ್ಯಾಪಾರದವರು, ಬೇಕರಿ ಇಟ್ಟವರು. ಈಗಲೇ ಅರ್ಧ ಜನ ಕುರ್ಚಿ ತೋರಿಸಿದರೂ ನಿಂತೇ ಮಾತಾಡುತ್ತಾರೆ. ಟೈ ಕಂಡರೆ ಬಾಗಿಲಿಂದಲೇ ವಾಪಸ್ ಹೋಗುತ್ತಾರೆ ಅನಿಸುತ್ತದೆ.

ಅದರ ಮೇಲೆ ಸೆಕೆ. ಬನಶಂಕರಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನಿಗೆ ಬದಲಾಯಿಸುವಷ್ಟರಲ್ಲಿ ಶರ್ಟಿನ ಬೆನ್ನು ಒದ್ದೆ. ಇನ್ನು ಕುತ್ತಿಗೆಗೂ ಒಂದು ಪಟ್ಟಿ.

ಗಂಡಸರು ಈ ಕಾಲದಲ್ಲೂ ಟೈ ಕಟ್ಟಬೇಕಾ? ನಿಮ್ಮ ಆಫೀಸುಗಳಲ್ಲಿ ಹೇಗಿದೆ? ಇನ್ನೊಂದು ಗುಟ್ಟು: ನನಗೆ ಟೈ ಕಟ್ಟೋಕೇ ಬರುವುದಿಲ್ಲ. ಮದುವೆ ರಿಸೆಪ್ಷನ್‌ಗೆ ಸೂಟಿನ ಅಂಗಡಿಯವನೇ ಕಟ್ಟಿ ಕಳಿಸಿದ್ದ.

ಕಾಫಿ ಬೈಟು | 9:46

ಸಂಬಳ ಕೊಡುವವರು ಬಾಸಿಂಗ ಕಟ್ಟಿಕೊಂಡು ಬಾ ಅಂದರೂ ಕಟ್ಟಿಕೊಳ್ಳಬೇಕು ಸರ್.

ಗವಿಪುರದ ಮೊಮ್ಮಗ | 9:52

ನಮ್ಮ ತಾತ ಟೈಗೆ ಕಂಠಕೌಪೀನ ಅನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳುವುದು ನನಗೇನೂ ಇಲ್ಲ.

ಅಪ್ಪಟ ಬೆಂಗ್ಳೂರು | 9:58

ಬ್ರಿಟಿಷರು ಹೋದರು, ಕುತ್ತಿಗೆಗೆ ಹಾಕಿದ ಹಗ್ಗ ಬಿಟ್ಟು ಹೋದರು. ನಮ್ಮ ಹವೆಗೂ ಅದಕ್ಕೂ ಏನು ಸಂಬಂಧ? ಇಂಗ್ಲೆಂಡಿನ ಚಳಿಗೆ ಹುಟ್ಟಿದ ಬಟ್ಟೆ ಅದು.

ಮೇಷ್ಟ್ರು ರಿಟೈರ್ಡ್ | 10:11

ಸ್ವಲ್ಪ ತಿದ್ದುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಟೈ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ. 17ನೇ ಶತಮಾನದಲ್ಲಿ ಫ್ರಾನ್ಸಿನ ಪರವಾಗಿ ಕೂಲಿಗೆ ಯುದ್ಧ ಮಾಡಲು ಬಂದ ಕ್ರೊವೇಷಿಯಾದ ಸೈನಿಕರು ಕೊರಳಿಗೆ ಒಂದು ಬಟ್ಟೆ ಸುತ್ತಿ ಗಂಟು ಹಾಕುತ್ತಿದ್ದರು. ಪ್ಯಾರಿಸ್ಸಿನ ಶೋಕಿಲಾಲರಿಗೆ ಅದು ಇಷ್ಟವಾಯಿತು. ಹದಿನಾಲ್ಕನೇ ಲೂಯಿಯ ಆಸ್ಥಾನದಲ್ಲಿ ಅದೇ ಫ್ಯಾಷನ್. ಕ್ರೊವಾಟ್ ಅನ್ನುವ ಮಾತಿನಿಂದಲೇ ಕ್ರವಾಟ್ ಅಂತ ಹೆಸರು ಬಂತು. ಕ್ರವಾಟಿನಿಂದ ಇವತ್ತಿನ ಉದ್ದ ಟೈ. ಇಂಗ್ಲಿಷರೂ ಎರವಲು ತಂದವರೇ.

ಅಪ್ಪಟ ಬೆಂಗ್ಳೂರು | 10:14

ಸರಿ ಮೇಷ್ಟ್ರೇ. ಹುಟ್ಟಿದ್ದು ಎಲ್ಲೋ, ನಮ್ಮ ಕುತ್ತಿಗೆಗೆ ಬಿದ್ದದ್ದು ಅವರಿಂದಲೇ ಅಲ್ವಾ?

ಮೇಷ್ಟ್ರು ರಿಟೈರ್ಡ್ | 10:15

ಅದು ಹೌದು.

ಸಿಲ್ಕ್ ಬೋರ್ಡ್ ಸಂತ | 10:27

2004ರಲ್ಲಿ ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದು ಕಂಪನಿ ಸೇರಿದೆ. ವಾರದ ಆರಂಭದ ದಿನಗಳಲ್ಲಿ ಟೈ ಕಡ್ಡಾಯ. ಗೇಟಿನಲ್ಲಿ ಸೆಕ್ಯುರಿಟಿಯವರು ಟೈ ಇಲ್ಲದವರ ಐಡಿ ನಂಬರ್ ಬರೆದುಕೊಳ್ಳುತ್ತಿದ್ದರು.

ಕಂಪನಿ ಬಸ್ಸಿನಲ್ಲಿ ಯಾರೂ ಮನೆಯಿಂದ ಟೈ ಕಟ್ಟಿಕೊಂಡು ಹತ್ತುತ್ತಿರಲಿಲ್ಲ. ಎಲ್ಲರ ಟೈ ಜೇಬಿನಲ್ಲಿ, ಇಲ್ಲವೇ ಲಂಚ್ ಬ್ಯಾಗಿನ ಸೈಡಿನಲ್ಲಿ ಸುರುಳಿ. ಸಿಲ್ಕ್ ಬೋರ್ಡ್ ಜಾಮ್ ಬಂತು ಅಂದರೆ ಅದೇ ಗಂಟೆ ಹೊಡೆದ ಹಾಗೆ. ಮೂವತ್ತು ಜನ ಒಟ್ಟಿಗೆ ಕಾಲರ್ ಎತ್ತುತ್ತಿದ್ದರು. ಕಿಟಕಿ ಪಕ್ಕದವರಿಗೆ ಗಾಜೇ ಕನ್ನಡಿ. ನಡುವಿನ ಸೀಟಿನವರು ಮುಂದೆ ಕೂತವನ ಬೋಳುತಲೆ ನೋಡಿಕೊಂಡು ಅಂದಾಜಿನಲ್ಲಿ ಕಟ್ಟಬೇಕು. ಹಿಂದಿನ ಸೀಟಿನಲ್ಲಿ ಒಬ್ಬ ತಮಿಳು ಹುಡುಗ ಇದ್ದ, ಕಟ್ಟಲು ಬಾರದವರಿಗೆಲ್ಲ ಅವನೇ ಕಟ್ಟಿಕೊಡುತ್ತಿದ್ದ. ತನ್ನ ಕುತ್ತಿಗೆಗೆ ಹಾಕಿಕೊಂಡು ಗಂಟು ಹಾಕಿ, ಬಿಚ್ಚದೆ ತೆಗೆದು, ನಮ್ಮ ತಲೆ ಮೇಲಿಂದ ಇಳಿಸುತ್ತಿದ್ದ. ಹಾರ ಹಾಕಿದ ಹಾಗೆ.

ಸಂಜೆ ವಾಪಸ್ ಬರುವಾಗ ಬಸ್ ಗೇಟು ದಾಟುವ ಮೊದಲೇ ಎಲ್ಲ ಟೈಗಳೂ ಮತ್ತೆ ಜೇಬಿಗೆ.

2015ರಲ್ಲಿ ಇನ್ಫೋಸಿಸ್‌ನವರೇ ವಾರವಿಡೀ ಕ್ಯಾಶುವಲ್ ಬಟ್ಟೆ ಹಾಕಿಕೊಳ್ಳಬಹುದು ಅಂದರು. ಅಲ್ಲಿಗೆ ಐಟಿಯವರ ಪಾಲಿಗೆ ಟೈ ಕಥೆ ಮುಗಿದ ಹಾಗೆಯೇ. ಈಗ ನಮ್ಮ ವೈಸ್ ಪ್ರೆಸಿಡೆಂಟ್ ಚಡ್ಡಿ ಹಾಕಿಕೊಂಡು ಬರುತ್ತಾರೆ.

ಕಾಫಿ ಬೈಟು | 10:30

ಮೊಣಕಾಲಿನವರೆಗೆ ತಾನೆ?

ಸಿಲ್ಕ್ ಬೋರ್ಡ್ ಸಂತ | 10:31

ಹೆಚ್ಚುಕಮ್ಮಿ.

ಎಂಆರ್ ಅಣ್ಣ | 10:44

ಮೇಲಿನವರು ಹೇಳಿದ್ದರಲ್ಲೇ ವಿಷಯ ಇದೆ, ಗಮನಿಸಿ. ವೈಸ್ ಪ್ರೆಸಿಡೆಂಟ್ ಚಡ್ಡಿ, ಟೈ ಯಾರಿಗೆ? ಒಮ್ಮೆ ಬೆಂಗಳೂರಿನ ರಸ್ತೆ ಸುತ್ತಿ ನೋಡಿ. ಟೈ ಕಟ್ಟಿಕೊಂಡವರು ಯಾರು? ಅಪಾರ್ಟ್‌ಮೆಂಟ್ ಗೇಟಿನ ಸೆಕ್ಯುರಿಟಿ ಸೂಪರ್‌ವೈಸರ್. ಸಿಗ್ನಲ್ ಹತ್ತಿರ ಕ್ರೆಡಿಟ್ ಕಾರ್ಡ್ ಮಾರುವ ಹುಡುಗ. ಯುಕೆಜಿ ಮಗು. ಹೋಟೆಲ್ ಬಾಗಿಲು ತೆರೆಯುವವರು. ಮತ್ತೆ ನಾನು, ಔಷಧಿ ಬ್ಯಾಗು ಹೊತ್ತ ಮೆಡಿಕಲ್ ರೆಪ್.

ಹದಿನಾರು ವರ್ಷ ಟೈ ಕಟ್ಟಿದ್ದೇನೆ. ಡಾಕ್ಟರ್ ಒಳಗೆ ಅರ್ಧ ತೋಳಿನ ಶರ್ಟಿನಲ್ಲಿ ಫ್ಯಾನ್ ಕೆಳಗೆ. ನಾನು ಹೊರಗೆ ಒಂದೂವರೆ ಗಂಟೆ ರೋಗಿಗಳ ಬೆಂಚಿನಲ್ಲಿ, ಟೈ ಸಮೇತ. ಮೊದಲು ಟೈ ಅಂದರೆ ಇವನು ದೊಡ್ಡ ಮನುಷ್ಯ ಅಂತ. ಈಗ ಟೈ ಅಂದರೆ ಇವನು ಏನೋ ಮಾರೋಕೆ ಬಂದಿದ್ದಾನೆ ಅಂತ. ಕೆಲವು ಮನೆಗಳಲ್ಲಿ ಬಾಗಿಲಿನ ಕಿಂಡಿಯಲ್ಲಿ ಟೈ ಕಂಡರೆ ಬಾಗಿಲೇ ತೆಗೆಯುವುದಿಲ್ಲ.

ಪಯಣಿಗ ಸರ್, ನಿಮ್ಮ ಬ್ರಾಂಚ್ ಹೆಡ್‌ಗೆ ಇದನ್ನು ಹೇಳಿ. ಗ್ರಾಹಕರ ವಿಶ್ವಾಸ ಅನ್ನುವುದು ಎಂಬತ್ತರ ದಶಕದ ಲೆಕ್ಕ.

ಲೇತ್ ಮಾಮ | 10:58

ನಾನು ಪೀಣ್ಯದವನು. ಮೂವತ್ತೆಂಟು ವರ್ಷ ಮೆಷಿನ್ ಶಾಪ್. ನಮ್ಮಲ್ಲಿ ಟೈ ಹಾಕಿಕೊಂಡು ಮೆಷಿನ್ ಹತ್ತಿರ ಬಂದರೆ ಫೋರ್‌ಮನ್ ಬೈದು ಹೊರಗೆ ಕಳಿಸುತ್ತಿದ್ದರು. ಉಂಗುರ, ಉದ್ದ ತೋಳು, ಸಡಿಲ ಬಟ್ಟೆ, ಯಾವುದೂ ಕೂಡದು.

ಒಂದು ಸಲ ಆಫೀಸಿನಿಂದ ಹೊಸ ಟ್ರೈನಿ ಇಂಜಿನಿಯರ್ ಬಂದ. ಮೊದಲ ದಿನ. ಅಪ್ಪ ಕೊಡಿಸಿದ ಕೆಂಪು ಟೈ. ಲೇತ್ ಓಡುತ್ತಿತ್ತು. ಇವನು ಜಾಬ್, ಅಂದರೆ ಕಡೆಯುವ ತುಂಡು, ಹೇಗೆ ಕಟ್ ಆಗುತ್ತಿದೆ ಅಂತ ಬಗ್ಗಿ ನೋಡಿದ. ಟೈ ತುದಿ ಆ ತುಂಡನ್ನು ಹಿಡಿದು ತಿರುಗುತ್ತಿದ್ದ ಚಕ್‌ಗೆ ತಾಗಿತು. ಆಪರೇಟರ್ ಹಳೇ ಮನುಷ್ಯ, ಕಣ್ಣು ಮಿಟುಕಿಸುವಷ್ಟರಲ್ಲಿ ಸ್ವಿಚ್ ಹೊಡೆದ. ಆದರೂ ಹುಡುಗನ ಮುಖ ಚಕ್‌ನಿಂದ ಒಂದು ಗೇಣು ದೂರದಲ್ಲಿ ನಿಂತಿತ್ತು. ಟೈ ಗಂಟು ಎಷ್ಟು ಬಿಗಿದಿತ್ತು ಅಂದರೆ ಬೆರಳು ಹೋಗಲಿಲ್ಲ. ಕಾಟನ್ ವೇಸ್ಟ್ ಕತ್ತರಿಸುವ ಕತ್ತರಿಯಿಂದಲೇ ಕತ್ತರಿಸಿದೆವು.

ಕೆಂಪು ಟೈನ ತುಂಡು ಬಹಳ ವರ್ಷ ಆ ಮೆಷಿನ್ ಪಕ್ಕದ ಬೋರ್ಡಿನಲ್ಲಿ ಮೊಳೆ ಹೊಡೆದು ನೇತಾಡುತ್ತಿತ್ತು. ಯಾರೂ ಅದಕ್ಕೆ ಬೋರ್ಡ್ ಬರೆಯಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಹಸಿರು ಲೈನ್ ಪಯಣಿಗ | 11:03

ಮಾಮ, ಮೈ ಜುಮ್ ಅಂತು. ನನ್ನ ಟೇಬಲ್ ಹತ್ತಿರ ಪೇಪರ್ ಶ್ರೆಡರ್ ಇದೆ!

ಲೇತ್ ಮಾಮ | 11:05

ಹಾಗಿದ್ದರೆ ಕ್ಲಿಪ್ ಟೈ ತಗೊಳ್ಳಿ. ಎಳೆದರೆ ಕಿತ್ತು ಬರುತ್ತದೆ. ಎಷ್ಟೋ ಕಡೆ ಪೊಲೀಸರಿಗೆ, ಕಾವಲಿನವರಿಗೆ ಅದನ್ನೇ ಕೊಡುವುದು, ಯಾರಾದರೂ ಹಿಡಿದು ಎಳೆದರೆ ಉಸಿರು ಕಟ್ಟಬಾರದು ಅಂತ.

ಸೌತೆಂಡ್ ಶಾರದೆ | ಮಂಗಳವಾರ, ಬೆಳಿಗ್ಗೆ 6:50

ಓದಿ ನಗು ಬಂತು. ಗಂಡಸರಿಗೆ ಕುತ್ತಿಗೆಗೆ ಒಂದು ಪಟ್ಟಿ ಬಂದ ಕೂಡಲೇ ಇಷ್ಟು ಗಲಾಟೆ. ನಾನು ಮೊದಲು ಕೆಲಸ ಮಾಡಿದ ಶಾಲೆಯಲ್ಲಿ ಟೀಚರ್‌ಗಳಿಗೆ ಸೀರೆ ಕಡ್ಡಾಯ, ಚೂಡಿದಾರ್ ಆಗದು. ಎಂಟು ತಿಂಗಳ ಬಸುರಿಯಾಗಿ ಸೀರೆ ಉಟ್ಟು ಮೂರು ಮಹಡಿ ಹತ್ತಿದ್ದೇನೆ. ಬೆಳಗ್ಗೆ ಐದೂವರೆಗೆ ಎದ್ದು ತಿಂಡಿ, ಡಬ್ಬಿ, ಆಮೇಲೆ ನೆರಿಗೆ. ಟೈ ಎರಡು ನಿಮಿಷದ ಕೆಲಸ ಸ್ವಾಮಿ.

ಅಪ್ಪಟ ಬೆಂಗ್ಳೂರು | 7:15

ಮೇಡಂ, ಸೀರೆ ನಮ್ಮ ಸಂಸ್ಕೃತಿ, ಟೈ ಅಲ್ಲ.

ಸೌತೆಂಡ್ ಶಾರದೆ | 7:18

ಹಾಗಾದರೆ ನೀವು ನಾಳೆಯಿಂದ ಕಚ್ಚೆಪಂಚೆ ಉಟ್ಟು, ರುಮಾಲು ಸುತ್ತಿ ಆಫೀಸಿಗೆ ಹೋಗಿ. ಸಂಸ್ಕೃತಿ ಕಾಪಾಡುವ ಕೆಲಸ ಬರೀ ನಮ್ಮದಾ?

ಕಾಫಿ ಬೈಟು | 7:20

ಅಕ್ಕ ಸಿಕ್ಸರ್.

ಗಾಡಿ ಗಾರ್ಡನ ಮಗ | 7:41

ನಮ್ಮ ಮನೆಯ ಟೈ ಕಥೆ ಕೇಳಿ. ಅಪ್ಪ ರೈಲ್ವೆಯಲ್ಲಿ ಮೊದಲು ಗಾರ್ಡ್, ಆಮೇಲೆ ಟಿಕೆಟ್ ತಪಾಸಣೆಗೆ ಬಂದರು. ಕಪ್ಪು ಕೋಟು, ಟೈ. ಅಪ್ಪನಿಗೂ ಕಟ್ಟಲು ಬರುತ್ತಿರಲಿಲ್ಲ. ಗುಂತಕಲ್‌ನಲ್ಲಿ ಜೊತೆಗಿದ್ದ ಸಹೋದ್ಯೋಗಿಯೊಬ್ಬರು ಕಟ್ಟಿಕೊಟ್ಟರು. ಅವರಿಗೆ ಬೇರೆ ಕಡೆ ವರ್ಗವಾಯಿತು. ಅಲ್ಲಿಂದ ಅಪ್ಪ ಒಂಬತ್ತು ವರ್ಷ ಅದೇ ಗಂಟು ಇಟ್ಟುಕೊಂಡರು. ರಾತ್ರಿ ಸಡಿಲಿಸಿ ತಲೆ ಮೇಲಿಂದ ತೆಗೆದು ಗೋಡೆಯ ಮೊಳೆಗೆ ನೇತು ಹಾಕುವುದು. ಬೆಳಗ್ಗೆ ತಲೆಗೆ ಇಳಿಸಿ ಬಿಗಿ ಮಾಡುವುದು. ಗಂಟಿನ ಹತ್ತಿರ ಎಣ್ಣೆ, ಬೆವರು, ಕಲ್ಲಿದ್ದಲ ಪುಡಿ ಸೇರಿ ಹಲಗೆ ಆಗಿತ್ತು.

ಒಂದು ಯುಗಾದಿಗೆ ಅಮ್ಮ ಮನೆಯೆಲ್ಲ ತೊಳೆದರು. ಟೈ ಕಣ್ಣಿಗೆ ಬಿತ್ತು. ಬಿಚ್ಚಿದರು. ಸೀಗೇಪುಡಿಯಲ್ಲಿ ನೆನೆಸಿ ಒಗೆದು ಒಣಹಾಕಿದರು.

ಅಪ್ಪ ಮಧ್ಯಾಹ್ನ ಡ್ಯೂಟಿಗೆ ಹೊರಟು ನಿಂತರು. ಟೈ ನೋಡಿದರು. ಅಮ್ಮನನ್ನು ನೋಡಿದರು. ಬೇವುಬೆಲ್ಲ ತಿಂದ ಬಾಯಲ್ಲಿ ಆವತ್ತು ಬಂದ ಮಾತುಗಳನ್ನು ಇಲ್ಲಿ ಬರೆಯಲು ಆಗುವುದಿಲ್ಲ. ಕೊನೆಗೆ ಪಕ್ಕದ ಬೀದಿಯ ಕಾನ್ವೆಂಟ್ ಹುಡುಗನನ್ನು ಕರೆಸಿದರು, ಆರನೇ ಕ್ಲಾಸಿನವನು. ಅಪ್ಪ ಮಂಡಿ ಊರಿ ಕೂತರು, ಆ ಹುಡುಗ ಕಟ್ಟಿದ. ಎರಡು ಒಬ್ಬಟ್ಟು ಕೊಟ್ಟು ಕಳಿಸಿದೆವು.

ಹಸಿರು ಲೈನ್ ಪಯಣಿಗ | 7:55

ನನ್ನ ಮಗ ನಾಲ್ಕನೇ ಕ್ಲಾಸು. ಅವನನ್ನು ಕೇಳೋಣ ಅಂದರೆ ಅವನದು ಎಲಾಸ್ಟಿಕ್ ಟೈ. ಗಂಟು ಹೊಲಿದೇ ಬರುತ್ತದೆ.

ಹೌಸ್ ಸರ್ಜನ್ ಹೈರಾಣ | 8:30

ಆಸ್ಪತ್ರೆ ಕಡೆಯಿಂದ ಒಂದು ಮಾತು. ಟೈ ಅನ್ನು ಯಾರಾದರೂ ದಿನಾ ಒಗೆಯುತ್ತಾರಾ? ಶರ್ಟು ಒಗೆಯುತ್ತೀರಿ, ಪ್ಯಾಂಟು ಒಗೆಯುತ್ತೀರಿ. ಟೈ ತಿಂಗಳಾದರೂ ಹಾಗೇ. ರೋಗಿಯ ಮೇಲೆ ಬಗ್ಗಿದಾಗ ಅದು ಹಾಸಿಗೆಗೆ ತಾಗುತ್ತದೆ, ಗಾಯಕ್ಕೂ ತಾಗಬಹುದು, ಅಲ್ಲಿಂದ ಮುಂದಿನ ರೋಗಿಗೆ. ಇಂಗ್ಲೆಂಡಿನ ಆರೋಗ್ಯ ಇಲಾಖೆ 2007ರಲ್ಲೇ ವಾರ್ಡಿನ ಡಾಕ್ಟರುಗಳು ಮೊಣಕೈ ಕೆಳಗೆ ಏನೂ ಇರಬಾರದು, ಟೈ ಬೇಡ ಅಂತ ಹೇಳಿತು. ಟೈ ಹೆಚ್ಚು ಕಟ್ಟಿದ ದೇಶವೇ ಡಾಕ್ಟರುಗಳ ಟೈ ಬಿಚ್ಚಿಸಿತು. ನಮ್ಮ ಕೆಲವು ಸೀನಿಯರ್‌ಗಳು ಇನ್ನೂ ಬಿಟ್ಟಿಲ್ಲ.

ಇನ್ನೊಂದು. 2018ರಲ್ಲಿ ಜರ್ಮನಿಯ ಕೀಲ್‌ನಲ್ಲಿ 30 ಜನ ಆರೋಗ್ಯವಂತ ಯುವಕರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ನೋಡಿದರು. ಅರ್ಧ ಜನಕ್ಕೆ ಬಿಗಿಯಾಗಿ ಟೈ, ಅರ್ಧ ಜನಕ್ಕೆ ಇಲ್ಲ. ಟೈ ಬಿಗಿದವರ ಮೆದುಳಿಗೆ ಹೋಗುವ ರಕ್ತ ಸುಮಾರು 7.5% ಕಡಿಮೆಯಾಯಿತು. ಆರೋಗ್ಯವಂತರಿಗೆ ಅದರಿಂದ ಏನೂ ತೊಂದರೆ ಆಗುವುದಿಲ್ಲ, ಗಾಬರಿ ಬೇಡ.

ಸಿಲ್ಕ್ ಬೋರ್ಡ್ ಸಂತ | 8:34

ಸೋಮವಾರದ ಮೀಟಿಂಗುಗಳಲ್ಲಿ ಆಗುತ್ತಿದ್ದ ತೀರ್ಮಾನಗಳಿಗೆ ಕಾರಣ ಈಗ ಗೊತ್ತಾಯಿತು.

ಹಟ್ಟಿಯ ಹುಡುಗ | 9:20

ಎಲ್ಲರೂ ಟೈ ಅಂದರೆ ಗುಲಾಮಗಿರಿ ಅನ್ನುತ್ತಿದ್ದೀರಿ. ನನ್ನದು ಬೇರೆ ಮಾತು.

ನಮ್ಮದು ಕೋಲಾರದ ಕಡೆ ಒಂದು ಹಳ್ಳಿ. ನಮ್ಮ ತಾತ ಸಣ್ಣವರಿದ್ದಾಗ ನಮ್ಮ ಜನ ಊರೊಳಗೆ ಒಳ್ಳೆ ಬಟ್ಟೆ ಹಾಕಿಕೊಂಡು ಓಡಾಡುವ ಹಾಗಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಗೌಡರ ಮನೆ ಮುಂದೆ ಕೆಳಗಿಳಿಸಬೇಕು. ಅಂಥವರ ಮನೆ ಗೋಡೆಯಲ್ಲಿ ಅಂಬೇಡ್ಕರ್ ಫೋಟೋ ಬಂತು. ಕೋಟು, ಟೈ, ಜೇಬಿನಲ್ಲಿ ಪೆನ್ನು. ಊರೂರಿನ ಪ್ರತಿಮೆಯಲ್ಲೂ ಅದೇ ಕೋಟು, ಅದೇ ಟೈ. ಅದನ್ನು ನೋಡಿ ನಮ್ಮ ತಾತನಿಗೆ ಬ್ರಿಟಿಷರು ನೆನಪಾಗಲಿಲ್ಲ. ನಾನು ಬ್ಯಾಂಕ್ ಪರೀಕ್ಷೆ ಪಾಸಾದಾಗ ತಾತ ಮೊದಲು ಕೇಳಿದ್ದು, "ಟೈ ಕಟ್ಟೋ ಕೆಲ್ಸಾನಾ?" ಅಂತ. ಸೇರಿದ ಮೊದಲ ದಿನ ಕಟ್ಟಿಕೊಂಡು ಫೋಟೋ ತೆಗೆಸಿ ಕಳಿಸಿದೆ. ಆ ಫೋಟೋ ಈಗಲೂ ಅಂಬೇಡ್ಕರ್ ಫೋಟೋ ಪಕ್ಕದಲ್ಲೇ ಇದೆ.

ಖಾದಿಯ ಸರಳತೆ ಎಲ್ಲವೂ ಇದ್ದವರಿಗೆ ಚೆನ್ನ. ನಮಗೆ ಇಸ್ತ್ರಿ ಮಾಡಿದ ಕಾಲರ್ ಬೇಕಿತ್ತು.

ಮೇಷ್ಟ್ರು ರಿಟೈರ್ಡ್ | 9:48

ಇದನ್ನು ಒಪ್ಪಲೇಬೇಕು. ಗಾಂಧೀಜಿ ಕೂಡ ಲಂಡನ್ನಿನಲ್ಲಿ ಓದುವಾಗ ದಿನಾ ಹತ್ತು ನಿಮಿಷ ಕನ್ನಡಿ ಮುಂದೆ ನಿಂತು ಟೈ ಸರಿ ಮಾಡಿಕೊಳ್ಳುತ್ತಿದ್ದೆ ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಅವರು ಆಮೇಲೆ ಬಿಟ್ಟರು. ಬಿಡುವುದಕ್ಕೆ ಮೊದಲು ಕೈಯಲ್ಲಿ ಇರಬೇಕಲ್ಲ.

ಅಪ್ಪಟ ಬೆಂಗ್ಳೂರು | 10:02

ಹಟ್ಟಿಯ ಹುಡುಗ, ನಿಮ್ಮ ಮಾತಿಗೆ ನಾನು ಎದುರಾಡುವುದಿಲ್ಲ. ಆದರೆ ನೀವು ಇಷ್ಟಪಟ್ಟು ಕಟ್ಟಿದಿರಿ. ಪಯಣಿಗರಿಗೆ ಮೇಲ್ ಕಳಿಸಿ ಕಟ್ಟಿಸುತ್ತಿದ್ದಾರೆ. ಎರಡೂ ಒಂದೇನಾ?

ಹಟ್ಟಿಯ ಹುಡುಗ | 10:10

ಒಂದೇ ಅಲ್ಲ. ನನಗೂ ಆರು ತಿಂಗಳಲ್ಲಿ ಸಾಕಾಯಿತು, ಈಗ ಕಟ್ಟುವುದಿಲ್ಲ. ಕಟ್ಟುವವರನ್ನು ಕಂಠಕೌಪೀನ ಅಂತ ನಗಬೇಡಿ ಅಂದೆ ಅಷ್ಟೇ.

ಗವಿಪುರದ ಮೊಮ್ಮಗ | 10:13

ತಪ್ಪಾಯಿತು ಗುರು. ತಾತನ ಜೋಕು, ಯೋಚನೆ ಮಾಡದೆ ಹಾಕಿಬಿಟ್ಟೆ.

ಮೈಸೂರು ಪೇಟ | 10:40

ಟೈ ಮತ್ತು ನಮ್ಮತನ ಎರಡೂ ಒಟ್ಟಿಗೆ ಇರಬಾರದು ಅಂತ ಯಾರು ಹೇಳಿದರು? ವಿಶ್ವೇಶ್ವರಯ್ಯನವರ ಫೋಟೋ ನೋಡಿ. ಕೆಳಗೆ ಸೂಟು, ಟೈ. ಮೇಲೆ ಜರಿ ಪೇಟ. ಸಿ.ವಿ. ರಾಮನ್ ಕೂಡ ಹಾಗೆಯೇ, ಕೋಟು ಟೈ ಹಾಕಿದರೂ ರುಮಾಲು ಬಿಡಲಿಲ್ಲ. ತಲೆ ನಮ್ಮದು, ಕುತ್ತಿಗೆ ಅವರದು.

ಕೊಳ್ಳುವುದಿದ್ದರೆ ಮೈಸೂರು ರೇಷ್ಮೆ ಟೈ ಕೊಳ್ಳಿ. ಸರ್ಕಾರಿ ರೇಷ್ಮೆ ಸಂಸ್ಥೆಯಾದ ಕೆಎಸ್‌ಐಸಿ ಮಳಿಗೆಗಳಲ್ಲಿ ಕೇಳಿ ನೋಡಿ. ಆ ನೇಯ್ಗೆ ಕಾರ್ಖಾನೆ 1912ರದು.

ಕಾಫಿ ಬೈಟು | 10:42

ಅಲ್ಲಿ ಸೀರೆಗೆ ಬೆಳಗ್ಗೆಯಿಂದ ಕ್ಯೂ ಇರುತ್ತದೆ. ಟೈ ಕೇಳಿದರೆ ಹೆಂಗಸರು ನೂಕಿಬಿಡುತ್ತಾರೆ.

ಕಪ್ಪು ಕೋಟು | 11:15

ವಕೀಲರನ್ನು ಮರೆತಿರಾ? ನಮ್ಮ ಕಷ್ಟ ಕೇಳಿ. ಬಾರ್ ಕೌನ್ಸಿಲ್ ನಿಯಮದಂತೆ ಕಪ್ಪು ಕೋಟು, ಕೊರಳಿಗೆ ಕಟ್ಟುವ ಬಿಳಿ ಪಟ್ಟಿ, ಅಂದರೆ ಬ್ಯಾಂಡು. ಜಿಲ್ಲಾ, ಸೆಷನ್ಸ್, ಸಿಟಿ ಸಿವಿಲ್ ಕೋರ್ಟಿಗಿಂತ ಕೆಳಗಿನ ಕೋರ್ಟುಗಳಲ್ಲಿ ಬ್ಯಾಂಡಿನ ಬದಲು ಕಪ್ಪು ಟೈ ಕಟ್ಟಬಹುದು. ಬೇಸಿಗೆಯಲ್ಲಿ ಸುಪ್ರೀಂ ಕೋರ್ಟು, ಹೈಕೋರ್ಟು ಬಿಟ್ಟು ಬೇರೆ ಕಡೆ ಕೋಟು ಕಡ್ಡಾಯ ಅಲ್ಲ. ನಮಗೆ ನಿಯಮ ಇದೆ. ಪಯಣಿಗರ ಥರದ ಖಾಸಗಿ ನೌಕರರಿಗೆ ಟೈ ಕಟ್ಟಲೇಬೇಕು ಅನ್ನುವ ಕಾನೂನು ಇಲ್ಲ. ಅಪಾಯಿಂಟ್‌ಮೆಂಟ್ ಲೆಟರ್, ಕಂಪನಿ ಪಾಲಿಸಿ ತೆಗೆದು ಓದಿ. ಅದರಲ್ಲಿ "ಫಾರ್ಮಲ್ಸ್" ಅಂತ ಮಾತ್ರ ಇದ್ದರೆ ಮಾತಾಡಲು ಜಾಗ ಇದೆ. ಜಗಳಕ್ಕೆ ಹೋಗಬೇಡಿ, ನಾಲ್ಕೈದು ಜನ ಸೇರಿ ಒಂದು ಮೇಲ್ ಹಾಕಿ.

ಅಪ್ಪಟ ಬೆಂಗ್ಳೂರು | 11:30

ಬಟ್ಟೆ ವಿಷಯ ಬಂದಾಗ ನೆನಪಾಯಿತು. 2024ರ ಜುಲೈಯಲ್ಲಿ ಮಾಗಡಿ ರಸ್ತೆಯ ಒಂದು ಮಾಲ್‌ನಲ್ಲಿ ಪಂಚೆ ಉಟ್ಟ ರೈತರನ್ನು ಒಳಗೆ ಬಿಡಲಿಲ್ಲ, ನೆನಪಿದೆಯಾ? ಮಗನ ಜೊತೆ ಸಿನಿಮಾ ನೋಡಲು ಬಂದಿದ್ದವರು. ದೊಡ್ಡ ಗಲಾಟೆ ಆಗಿ ಸರ್ಕಾರ ಏಳು ದಿನ ಮಾಲ್ ಮುಚ್ಚಿಸಿತು. ಆವತ್ತು ಬಾಗಿಲಿನಲ್ಲಿ ತಡೆದವನ ಕುತ್ತಿಗೆಯಲ್ಲಿ ಖಂಡಿತ ಟೈ ಇದ್ದಿರಬೇಕು.

ಎಂಆರ್ ಅಣ್ಣ | 11:36

ಇದ್ದರೂ ಅದು ಅವನು ಕೊಂಡ ಟೈ ಅಲ್ಲ, ಏಜೆನ್ಸಿ ಕೊಟ್ಟದ್ದು. ಸಂಬಳದಲ್ಲಿ ಯೂನಿಫಾರಂ ಅಂತ ಹಿಡಿದುಕೊಂಡೂ ಇರುತ್ತಾರೆ. ಅವನ ಅಪ್ಪನೂ ಊರಲ್ಲಿ ಪಂಚೆ ಉಡುವವರೇ.

ಮೇಷ್ಟ್ರು ರಿಟೈರ್ಡ್ | 11:50

ಚೆನ್ನೈನಲ್ಲಿ ಇಂಥದ್ದೇ ಆಗಿ ಕಾನೂನೇ ಬಂತು. 2014ರಲ್ಲಿ ಹೈಕೋರ್ಟ್ ನ್ಯಾಯಾಧೀಶರೊಬ್ಬರನ್ನು ವೇಷ್ಟಿ, ಅಂದರೆ ಪಂಚೆ ಉಟ್ಟಿದ್ದಾರೆ ಅಂತ ಕ್ರಿಕೆಟ್ ಸಂಸ್ಥೆಯ ಕ್ಲಬ್ಬಿನೊಳಗೆ ಬಿಡಲಿಲ್ಲ. ಅದೇ ವರ್ಷ ತಮಿಳುನಾಡು ವಿಧಾನಸಭೆ ಕಾಯ್ದೆ ಮಾಡಿ ಅಂಥ ತಡೆಯನ್ನು ತೆಗೆಯಿತು. ನ್ಯೂಜಿಲೆಂಡಿನಲ್ಲಿ 2021ರಲ್ಲಿ ರವಿರಿ ವೈಟಿಟಿ ಅನ್ನುವ, ಅಲ್ಲಿನ ಮೂಲನಿವಾಸಿ ಮಾವೊರಿ ಜನರ ಸಂಸದರು ಟೈ ಬದಲು ಕೊರಳಿಗೆ ತಮ್ಮ ಜನರ ಪದಕ ಹಾಕಿಕೊಂಡು ಬಂದರು. ಸ್ಪೀಕರ್ ಹೊರಗೆ ಕಳಿಸಿದರು. ಮಾರನೇ ದಿನವೇ ಟೈ ಕಡ್ಡಾಯ ಅನ್ನುವ ನಿಯಮ ಹೋಯಿತು.

ಉಡುಪಿ ಕಡೆಯವ | ಮಧ್ಯಾಹ್ನ 1:10

ಮಾರಾಯ್ರೆ, ಊಟದ ವಿಷಯ ಯಾರೂ ಹೇಳಲಿಲ್ಲ. ದರ್ಶಿನಿಯಲ್ಲಿ ನಿಂತು ತಿನ್ನುವವನಿಗೆ ಟೈ ದೊಡ್ಡ ಶತ್ರು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಚಮಚ, ಟೈ ಸಾಂಬಾರಿನ ಕಡೆ ಇಳಿಯುತ್ತಲೇ ಇರುತ್ತದೆ. ಹೆಗಲ ಮೇಲೆ ಹಿಂದಕ್ಕೆ ಎಸೆದರೆ, ಪಕ್ಕದವನ ಕಾಫಿಗೆ ಹೋಗಿ ಬೀಳುತ್ತದೆ. ನಾನು ಶರ್ಟಿನ ಎರಡನೇ ಮೂರನೇ ಗುಂಡಿಯ ನಡುವೆ ತುರುಕಿ ತಿನ್ನುತ್ತಿದ್ದೆ. ಒಮ್ಮೆ ಹಾಗೇ ಮರೆತು ಕ್ಲೈಂಟ್ ಮುಂದೆ ಹೋಗಿ ಕೂತೆ. ಅರ್ಧ ಗಂಟೆ ಆದ ಮೇಲೆ ಅವರೇ, "ಊಟ ಆಯ್ತಾ?" ಅಂದರು.

ದರ್ಜಿ ಚಿಕ್ಕಪೇಟೆ | 2:05

ರೇಷ್ಮೆ ಟೈಗೆ ಸಾಂಬಾರು ಬಿದ್ದರೆ ನೀರು ಹಾಕಿ ಉಜ್ಜಬೇಡಿ. ಉಜ್ಜಿದರೆ ಕಲೆ ಹರಡುತ್ತದೆ, ಹೊಳಪೂ ಹೋಗುತ್ತದೆ. ಒಣ ಬಟ್ಟೆಯಿಂದ ಒತ್ತಿ ತೆಗೆದು ಡ್ರೈ ಕ್ಲೀನಿಂಗ್‌ಗೆ ಕೊಡಿ. ಪಾಲಿಯೆಸ್ಟರ್ ಆದರೆ ಏನೂ ಚಿಂತೆ ಇಲ್ಲ, ಸೋಪಿನಲ್ಲಿ ಒಗೆಯಿರಿ.

ಕೊಳ್ಳುವಾಗ ಒಂದು ಪರೀಕ್ಷೆ. ಸಣ್ಣ ತುದಿ ಹಿಡಿದು ಟೈ ನೇತಾಡಲು ಬಿಡಿ. ನೆಟ್ಟಗೆ ನಿಂತರೆ ಕ್ರಾಸ್ ಕಟ್ ಸರಿಯಾಗಿದೆ ಅಂತ. ತಿರುಚಿಕೊಂಡರೆ ಬಿಡಿ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಮೂರು ತುಂಡು ಜೋಡಿಸುವುದು. ಅದನ್ನು 1920ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಅನ್ನುವವರು ಪೇಟೆಂಟ್ ಮಾಡಿಸಿದರು. ಅದಕ್ಕೇ ಗಂಟು ಬಿಚ್ಚಿದ ಮೇಲೂ ಟೈ ಮತ್ತೆ ತನ್ನ ಆಕಾರಕ್ಕೆ ಬರುವುದು. ಬಟ್ಟೆ ಉಳಿಸಲು ನೇರ ಕತ್ತರಿಸಿದ್ದು ಎರಡೇ ದಿನಕ್ಕೆ ಸೊಟ್ಟ.

ಮತ್ತೆ ಗಾಡಿ ಗಾರ್ಡನ ಮಗ ಅವರೇ, ಗಂಟು ಬಿಚ್ಚದೆ ಒಂಬತ್ತು ವರ್ಷ ಇಟ್ಟರೆ ಯಾವ ಟೈ ತಡೆಯುತ್ತದೆ? ನಿಮ್ಮ ಅಮ್ಮ ಮಾಡಿದ್ದೇ ಸರಿ.

ಗಾಡಿ ಗಾರ್ಡನ ಮಗ | 2:12

ಇದನ್ನು ಅಮ್ಮನಿಗೆ ಓದಿ ಹೇಳಿದೆ. ಮೂವತ್ತು ವರ್ಷದ ಮೇಲೆ ತೀರ್ಪು ಬಂತು ಅಂದರು.

ಹಸಿರು ಲೈನ್ ಪಯಣಿಗ | 2:30

ದರ್ಜಿಯವರೇ, ಕಟ್ಟುವುದನ್ನೂ ಹೇಳಿಬಿಡಿ.

ದರ್ಜಿ ಚಿಕ್ಕಪೇಟೆ | 2:48

ಎಲ್ಲಕ್ಕಿಂತ ಸುಲಭದ್ದು ಹೇಳುತ್ತೇನೆ. ಕಾಲರ್ ಎತ್ತಿ. ಅಗಲದ ತುದಿ ಬಲಗಡೆ, ಸಣ್ಣ ತುದಿಗಿಂತ ಒಂದಡಿ ಕೆಳಗೆ ಇಳಿದಿರಲಿ. ಅಗಲದ್ದನ್ನು ಸಣ್ಣದರ ಮೇಲೆ ದಾಟಿಸಿ. ಹಿಂದಿನಿಂದ ತನ್ನಿ. ಇನ್ನೊಮ್ಮೆ ಮುಂದೆ ದಾಟಿಸಿ. ಈಗ ಕುತ್ತಿಗೆ ಹತ್ತಿರದ ಸಂದಿಯಲ್ಲಿ ಕೆಳಗಿನಿಂದ ಮೇಲಕ್ಕೆ ತೆಗೆದು, ಮುಂದೆ ಆದ ಕುಣಿಕೆಯೊಳಗೆ ಇಳಿಸಿ ಎಳೆಯಿರಿ. ಎಳೆಯುವಾಗ ಗಂಟಿನ ಕೆಳಗೆ ತೋರುಬೆರಳಿಂದ ಒಂದು ಗುಳಿ ಒತ್ತಿ, ಅಂದ ಅಲ್ಲೇ ಇರುವುದು. ತುದಿ ಬೆಲ್ಟಿನ ಬಕಲ್‌ಗೆ ಮುಟ್ಟಬೇಕು. ಮೇಲೆ ನಿಂತರೆ ಸ್ಕೂಲ್ ಹುಡುಗ, ಕೆಳಗೆ ಇಳಿದರೆ ಜೋಕರ್.

ಜಪಾನ್ ರಿಟರ್ನ್ | ಸಂಜೆ 6:20

ಬ್ರಾಂಚ್ ಹೆಡ್‌ಗೆ ತೋರಿಸಲು ಒಂದು ಉದಾಹರಣೆ. ಸೂಟು ಟೈ ವಿಷಯದಲ್ಲಿ ಜಪಾನಿನವರಷ್ಟು ಕಟ್ಟುನಿಟ್ಟು ಯಾರೂ ಇಲ್ಲ. ಅಂಥವರೇ 2005ರಲ್ಲಿ ಕೂಲ್ ಬಿಜ್ ಅಂತ ಶುರು ಮಾಡಿದರು. ಬೇಸಿಗೆಯಲ್ಲಿ ಆಫೀಸಿನ ಎಸಿ 28 ಡಿಗ್ರಿಗೆ ಇಡಿ, ಟೈ ಮತ್ತು ಕೋಟು ಬೇಡ ಅಂತ ಪರಿಸರ ಇಲಾಖೆಯೇ ಹೇಳಿತು. ಪ್ರಧಾನಿ ಕೊಯಿಜುಮಿ ತಾವೇ ಟೈ ಇಲ್ಲದೆ ಕಾಣಿಸಿಕೊಂಡರು. ದೊಡ್ಡವರು ಬಿಚ್ಚಿದ ಮೇಲೆ ಕೆಳಗಿನವರಿಗೆ ಧೈರ್ಯ ಬಂತು.

ಬೆಂಗಳೂರು ತಂಪು ಊರು ಅಂತ ಯಾರಾದರೂ ವಾದ ಮಾಡಿದರೆ, 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು ಅಂತ ನೆನಪಿಸಿ.

ಸೌತೆಂಡ್ ಶಾರದೆ | 6:45

ನಿಮ್ಮ ಬ್ರಾಂಚ್ ಹೆಡ್ ಸ್ವತಃ ಟೈ ಕಟ್ಟುತ್ತಾರಾ? ಅದನ್ನು ಯಾರೂ ಕೇಳಲೇ ಇಲ್ಲ.

ಹಸಿರು ಲೈನ್ ಪಯಣಿಗ | 7:02

ಕಟ್ಟುತ್ತಾರೆ ಮೇಡಂ. ಆದರೆ ಅವರು ಬರುವುದು ಎಸಿ ಕಾರಿನಲ್ಲಿ, ಕೂರುವುದು ಎಸಿ ಕ್ಯಾಬಿನ್‌ನಲ್ಲಿ. ನಮ್ಮ ಕೌಂಟರಿನ ಎಸಿ ಜನವರಿಯಿಂದ ಕೆಟ್ಟಿದೆ.

ಕಪ್ಪು ಕೋಟು | 7:05

ಮೇಲ್‌ನ ಮೊದಲ ಸಾಲು ಸಿಕ್ಕಿತು. ಟೈ ವಿಷಯ ಎತ್ತಲೇಬೇಡಿ. ಎಸಿ ರಿಪೇರಿ ಕೇಳಿ.

ಹಸಿರು ಲೈನ್ ಪಯಣಿಗ | ಮರುವಾರ, ಗುರುವಾರ ರಾತ್ರಿ 9:15

ಏನಾಯಿತು ಅಂತ ಹೇಳಬೇಕಲ್ಲ. ಏಳು ಜನ ಸೇರಿ ಮೇಲ್ ಹಾಕಿದೆವು. ಟೈ ಕಟ್ಟಲು ತಯಾರಿದ್ದೇವೆ, ಅದಕ್ಕೆ ಮೊದಲು ಕೌಂಟರಿನ ಎಸಿ ಸರಿ ಮಾಡಿಸಿಕೊಡಿ ಅಂತ. ಕಪ್ಪು ಕೋಟಿನವರ ಐಡಿಯಾ.

ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಬ್ರಾಂಚ್ ಹೆಡ್ ತಾವೇ ಕೌಂಟರಿಗೆ ಬಂದು ನನ್ನ ಪಕ್ಕ ಕೂತರು. ಹೂವಿನ ವ್ಯಾಪಾರದ ಅಜ್ಜಿ ಬಂದಿತ್ತು, ಕಂತು ಕಟ್ಟಲು. ಅಜ್ಜಿ ಇವರನ್ನು ಒಮ್ಮೆ ನೋಡಿ, ನನ್ನ ಕಡೆ ಬಗ್ಗಿ, "ಇವ್ರು ಯಾಕಪ್ಪ ಬಂದವ್ರೆ, ನಾನು ಬಾಕಿ ಏನೂ ಉಳಿಸ್ಕೊಂಡಿಲ್ವಲ್ಲ" ಅಂತು. ವಸೂಲಿಯವರು ಅಂದುಕೊಂಡಿರಬೇಕು. ಬ್ರಾಂಚ್ ಹೆಡ್‌ಗೆ ಕನ್ನಡ ಅಷ್ಟಕ್ಕಷ್ಟೇ. ಏನಂತೆ ಅಂತ ಕೇಳಿದರು. ನಾನು ಅಜ್ಜಿ ಹೇಳಿದ್ದನ್ನೇ ಹಿಂದಿಯಲ್ಲಿ ಹೇಳಿದೆ. ಅರ್ಧ ಗಂಟೆ ಕೂತರು. ಎದ್ದು ಹೋಗುವಾಗ ಅವರ ಕಾಲರ್ ಒದ್ದೆಯಾಗಿತ್ತು.

ಇವತ್ತು ಹೊಸ ಮೇಲ್. ಹೆಡ್ ಆಫೀಸಿನವರು ಬರುವ ದಿನ ಮಾತ್ರ ಟೈ. ಎಸಿಯವನು ಸೋಮವಾರ ಬರುತ್ತಾನಂತೆ.

ಲೇತ್ ಮಾಮ | 9:20

ಎಸಿಯವನು ಸೋಮವಾರ ಬರುತ್ತಾನೆ ಅಂದರೆ ಯಾವ ಸೋಮವಾರ ಅಂತ ಕೇಳಿಕೊಂಡಿರಾ?

ಹಸಿರು ಲೈನ್ ಪಯಣಿಗ | 9:24

ಇಲ್ಲ ಮಾಮ.

ಒಂದು ವಿಷಯ. ಮೊದಲ ಮೇಲ್ ಬಂದ ಮಾರನೇ ದಿನವೇ ಚಿಕ್ಕಪೇಟೆಗೆ ಹೋಗಿ ಮೂರು ಟೈ ತಂದಿದ್ದೆ. ಒಂದಕ್ಕೆ 150 ರೂಪಾಯಿ. ನನಗೆ ಒಂದು ಸಾಕು. ನೀಲಿ, ಮರೂನ್ ಎರಡು ಉಳಿದಿವೆ. ಯಾರಿಗಾದರೂ ಬೇಕಾ?

ದರ್ಜಿ ಚಿಕ್ಕಪೇಟೆ | 9:31

150ಕ್ಕಾ? ನೇತುಹಾಕಿ ನೋಡಿದಿರಾ?

ಹಸಿರು ಲೈನ್ ಪಯಣಿಗ | 9:33

ನೋಡಿದೆ. ಜಿಲೇಬಿ ಥರ ಸುತ್ತಿಕೊಂಡಿತು.

ಎಂಆರ್ ಅಣ್ಣ | 9:40

ಮರೂನ್ ನನಗಿರಲಿ. ಬೆಂಚಿನಲ್ಲಿ ಕೂರೋಕೆ ಸೊಟ್ಟ ಆದರೂ ನಡೆಯುತ್ತದೆ. ಶನಿವಾರ ಬನಶಂಕರಿ ಮೆಟ್ರೋ ಹತ್ತಿರ ಸಿಗುತ್ತೇನೆ, ಕಾಫಿ ನನ್ನದು.

ಕಾಫಿ ಬೈಟು | 9:41

ಬೈಟು ಆದರೆ ನಾನೂ ಬರುತ್ತೇನೆ.